ಅಪ್ಪನ ಬಲಗಣ್ಣು

ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ನಾಲ್ಕರವರೆಗೆ ನಮ್ಮ ಮನೆಯಲ್ಲಿ ಒರಳಿಗೆ ಒನಕೆ ಹಾಕುವಂತಿರಲಿಲ್ಲ. ಮೆಣಸಿನಕಾಯಿ ಹುರಿಯುವಂತಿರಲಿಲ್ಲ, ಓಡುವಂತಿರಲಿಲ್ಲ, ಬಾಗಿಲನ್ನು ದಡಾರನೆ ಹಾಕುವಂತಿರಲಿಲ್ಲ. ಮನೆಗೆ ಬಂದ ನೆಂಟರು ಯಾರಿಗೆ ಹುಷಾರಿಲ್ಲ ಎಂದು ಪಿಸುದನಿಯಲ್ಲಿ ಕೇಳುತ್ತಿದ್ದರು. ಯಾರಿಗೂ ಏನೂ ಆಗಿರಲಿಲ್ಲ. ಹೊಳೆನರಸೀಪುರದ ಆ ಬಾಡಿಗೆ ಮನೆಯ ಮುಂದಿನ ಕೋಣೆಯನ್ನು ಮಲೇರಿಯಾ ಆಫೀಸಿಗೆ ಬಿಟ್ಟುಕೊಟ್ಟಿದ್ದೆವು, ನಡುಮನೆಯಿಂದ ಹಿಂದಕ್ಕೆ ನಮ್ಮ ಸಂಸಾರ. ಮುಂದಿನ ಕೋಣೆಯಲ್ಲಿ, ಉತ್ತರದ ಕಿಟಕಿಯ ಕೆಳಗೆ, ಅಪ್ಪ ಮೈಕ್ರೋಸ್ಕೋಪಿನ ಮುಂದೆ ಕೂತು ಸುತ್ತಲಿನ ಹಳ್ಳಿಗಳಿಂದ ಬಂದ ರಕ್ತದ ಗಾಜುಪಟ್ಟಿಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಅಡುಗೆಮನೆಯಲ್ಲಿ ಒಂದು ಸಲ ಒನಕೆ ಬಿದ್ದರೆ ಅವರ ಕಣ್ಣಿನ ಕೆಳಗಿನ ಲೋಕವೆಲ್ಲ ನಡುಗಿ ಕಲಕಿಹೋಗುತ್ತಿತ್ತಂತೆ. ಅವ್ವ ಚನ್ನರಾಯಪಟ್ಟಣದ ಕೊಬ್ಬರಿ ಮಂಡಿಯವರ ಮಗಳು. ಹಮಾಲರ ಕೂಗು, ಗಾಡಿಗಳ ಸದ್ದು, ಹತ್ತು ಜನರ ಜಗಳದ ನಡುವೆ ಬೆಳೆದವಳು. ಅವಳಿಗೆ ಈ ಮೌನ ಎಂದೂ ಒಗ್ಗಲಿಲ್ಲ. ಹತ್ತರೊಳಗೆ ಚಟ್ನಿಪುಡಿ, ಖಾರದಪುಡಿ, ಹುರಿಹಿಟ್ಟು ಎಲ್ಲವನ್ನೂ ಮುಗಿಸಲು ಐದು ಗಂಟೆಗೇ ಎದ್ದು, ಮುಖ ಊದಿಸಿಕೊಂಡು ಕುಟ್ಟುತ್ತಿದ್ದಳು. ಆ ಕುಟ್ಟುವಿಕೆಯಲ್ಲಿ ಅರ್ಧ ಮೆಣಸಿನಕಾಯಿಗೆ, ಅರ್ಧ ಅಪ್ಪನಿಗೆ ಎಂದು ಅಜ್ಜಿ ಹೇಳುತ್ತಿದ್ದಳು.

ಸದ್ದು ಒಂದೇ ಆಗಿದ್ದರೆ ಸಹಿಸಬಹುದಿತ್ತು. ಅಪ್ಪನ ಇಡೀ ದೇಹವನ್ನೇ ಆ ಹಿತ್ತಾಳೆ ಯಂತ್ರ ತನಗೆ ಬೇಕಾದ ಹಾಗೆ ತಿದ್ದಿಕೊಂಡುಬಿಟ್ಟಿತ್ತು. ಅವರ ಕತ್ತು ಮುಂದಕ್ಕೆ ಬಾಗಿ, ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಅವರ ಸ್ಟೂಲಿನ ಕಾಲುಗಳಿಗೆ ಹಲಗೆ ತುಂಡುಗಳನ್ನು ಹೊಡೆಸಿಕೊಂಡಿದ್ದರು. ಆ ಎತ್ತರ ಬಿಟ್ಟು ಬೇರೆಲ್ಲಿ ಕೂತರೂ ಅವರಿಗೆ ಚಡಪಡಿಕೆ. ಮದುವೆ ಮನೆಯ ಪಂಕ್ತಿಯಲ್ಲಿ ನೆಲಕ್ಕೆ ಕೂರಿಸಿದರೆ ಅರ್ಧ ಊಟಕ್ಕೇ ಎದ್ದು ನಿಲ್ಲುತ್ತಿದ್ದರು, ಪಕ್ಕದವರು ಅವಮಾನವಾಯಿತೆಂದು ಸಿಟ್ಟಾಗುತ್ತಿದ್ದರು. ಯಂತ್ರದಲ್ಲಿ ಬಲಗಣ್ಣಿಟ್ಟು ನೋಡುವಾಗ ಎಡಗಣ್ಣನ್ನು ಮುಚ್ಚುವುದಿಲ್ಲ, ಮುಚ್ಚಿದರೆ ಗಳಿಗೆಯೊಳಗೆ ಮುಖದ ಸ್ನಾಯು ಸೋತು ಕಣ್ಣೀರು ಬರುತ್ತದೆ. ಹಾಗಾಗಿ ಎಡಗಣ್ಣು ತೆರೆದೇ ಇರುತ್ತದೆ, ಆದರೆ ಏನನ್ನೂ ನೋಡಬಾರದು. ಹದಿನೈದು ವರ್ಷ ಹಾಗೆ ಮಾಡಿದ ಮೇಲೆ ಅಪ್ಪ ನಮ್ಮ ಜೊತೆ ಮಾತಾಡುವಾಗಲೂ ಒಂದು ಕಣ್ಣು ನಮ್ಮ ಮೇಲೆ, ಇನ್ನೊಂದು ಎಲ್ಲಿಯೋ. ಊರಿನವರು ಅದನ್ನು ಸೊಕ್ಕು ಎಂದುಕೊಂಡಿದ್ದರು. ಎಡಗೈಯ ಹೆಬ್ಬೆರಳು ತೋರುಬೆರಳು ಮಾತ್ರ ಸದಾ ಗಾಳಿಯಲ್ಲಿ ಏನನ್ನೋ ಹಿಂದೆ ಮುಂದೆ ತಿರುಗಿಸುತ್ತಿದ್ದವು. ಊಟದ ಹೊತ್ತಿನಲ್ಲಿ, ಬಸ್ಸಿನಲ್ಲಿ, ಹೆಣದ ಮುಂದೆ ಕೂತಾಗಲೂ. ಯಂತ್ರದ ಸಣ್ಣ ತಿರುಪನ್ನು ಎಂದೂ ನಿಲ್ಲಿಸಬಾರದು, ತಿರುಗುತ್ತಿದ್ದರೆ ಮಾತ್ರ ಮೇಲಿನದು ಯಾವುದು ಕೆಳಗಿನದು ಯಾವುದು ಎಂದು ಗೊತ್ತಾಗುತ್ತದೆ ಎಂಬುದು ಅವರ ಪಾಠ. ಬೆರಳಿಗೆ ಆ ಪಾಠ ಇಳಿದಿತ್ತು, ಹೊರಗೆ ಬರುವ ದಾರಿ ಅದಕ್ಕೆ ಗೊತ್ತಿರಲಿಲ್ಲ.

ಅವ್ವನಿಗೆ ಹೆಚ್ಚು ಉರಿಯುತ್ತಿದ್ದದ್ದು ಬಾವಿಯ ವಿಷಯಕ್ಕೆ. ಅಪ್ಪ ನೀರು ಸೇದುತ್ತಿರಲಿಲ್ಲ. ಸೌದೆ ಒಡೆಯುತ್ತಿರಲಿಲ್ಲ, ಮೂಟೆ ಎತ್ತುತ್ತಿರಲಿಲ್ಲ, ಬೆಳಗಿನ ಕಾಫಿಯನ್ನೂ ಮುಟ್ಟುತ್ತಿರಲಿಲ್ಲ. ಭಾರ ಎಳೆದ ಕೈ ಒಂದು ಗಂಟೆ ಒಳಗೊಳಗೇ ನಡುಗುತ್ತಿರುತ್ತದೆ, ಆ ನಡುಕ ನಿಮಗೆ ಕಾಣುವುದಿಲ್ಲ, ನನಗೆ ಸಾವಿರ ಪಟ್ಟು ದೊಡ್ಡದಾಗಿ ಕಾಣುತ್ತದೆ ಎನ್ನುತ್ತಿದ್ದರು. ಅವ್ವ ಎರಡೂ ಕೊಡ ಹೊತ್ತು ಮುಂದಿನ ಕೋಣೆಯ ಬಾಗಿಲಲ್ಲೇ ಒಂದು ಗಳಿಗೆ ನಿಂತು, ಅಪ್ಪ ನೋಡುವವರೆಗೆ ಕಾದು, ಆಮೇಲೆ ಒಳಗೆ ಹೋಗುತ್ತಿದ್ದಳು. ಅಪ್ಪ ನೋಡುತ್ತಿರಲಿಲ್ಲ. ಕಿಟಕಿಯ ಆಚೆ ಒಂದು ನುಗ್ಗೆಮರವಿತ್ತು. ಅದರ ಎಲೆ ಅಲ್ಲಾಡಿದರೆ ಯಂತ್ರದ ಕನ್ನಡಿಗೆ ಬೀಳುವ ಬೆಳಕು ಮಿಣುಕುತ್ತದೆಂದು, ತುಂಬಾ ಕಾಯಿ ಬಿಟ್ಟಿದ್ದ ಮರವನ್ನು ಒಂದು ಮಧ್ಯಾಹ್ನ ಕಡಿಸಿಯೇಬಿಟ್ಟರು. ಅವ್ವ ನಾಲ್ಕು ದಿನ ಮಾತು ಬಿಟ್ಟಳು. ಅಜ್ಜಿ, ಅಂದರೆ ಅಪ್ಪನ ತಾಯಿ, ಮಾತು ಬಿಡುವ ಜಾತಿಯವಳಲ್ಲ. ಅವಳು ದಿನವೂ ವಿಭೂತಿ ಹಚ್ಚಿ, ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು, ಅರ್ಧ ಗಂಟೆ ಎವೆಯಿಕ್ಕದೆ ಅದನ್ನೇ ನೋಡುತ್ತಾ ಕೂರುತ್ತಿದ್ದಳು. ನೀನು ಹಾಗೆ ಕೂತರೆ ಯಾರೂ ಏನೂ ಅನ್ನುವುದಿಲ್ಲ, ನಾನು ಕೂತರೆ ಮಾತ್ರ ಮನೆಯಲ್ಲಿ ಜಗಳವೇ ಎಂದು ಅಪ್ಪ ಒಮ್ಮೆ ಅವಳನ್ನೇ ಸಾಕ್ಷಿಗೆ ಕರೆದರು.

“ನಾನು ಶಿವನ್ನ ನೋಡ್ತೀನಿ ಕಣಪ್ಪ,” ಅಂದಳು ಅಜ್ಜಿ. “ನೀನು ಹುಳ ನೋಡ್ತೀಯ. ಶಿವನ್ನ ನೋಡೋಕೆ ಮರ ಕಡಿಸ್ಬೇಕಾಗಿಲ್ಲ.”

ನನ್ನ ಹಿಂದೆ ಹುಟ್ಟಿದವರು ಉಳಿಯಲಿಲ್ಲವಾದ್ದರಿಂದ ಈ ಮೂವರ ರೇಗಾಟವೆಲ್ಲ ಸುತ್ತಿ ಬಳಸಿ ನನ್ನ ತಲೆಗೇ ಬರುತ್ತಿತ್ತು. ಗಿರಿಜಾ ಓಡಬೇಡ, ಗಿರಿಜಾ ಕಿಟಕಿಯ ಮುಂದೆ ನಿಲ್ಲಬೇಡ. ಮಿಡ್ಲ್ ಸ್ಕೂಲಿನ ಕೊನೆಯ ವರ್ಷದ ಬೇಸಿಗೆ ರಜೆಯಲ್ಲಿ, ಹಿತ್ತಿಲಲ್ಲಿ ಕುಂಟೆಬಿಲ್ಲೆ ಆಡಿದ್ದಕ್ಕೂ ಬೈಸಿಕೊಂಡ ಮೇಲೆ ನನಗೆ ತಡೆಯಲಾಗಲಿಲ್ಲ. ಅದರೊಳಗೆ ಅಂಥದ್ದೇನಿದೆ, ನನಗೂ ತೋರಿಸಿ ಎಂದು ಬಾಗಿಲಲ್ಲಿ ನಿಂತು ಕೇಳಿಬಿಟ್ಟೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅಪ್ಪ ಸ್ವಲ್ಪ ಹೊತ್ತು ನನ್ನ ಕೈಗಳನ್ನೇ ನೋಡಿ, ಸ್ಟೂಲಿನಿಂದ ಇಳಿದು, ಬಾ ಕೂತ್ಕೋ ಎಂದರು.

ಮೊದಲ ದಿನ ನನಗೆ ಕಂಡದ್ದು ನನ್ನದೇ ರೆಪ್ಪೆಯ ಕೂದಲು. ಎರಡನೆಯ ದಿನ ಕಪ್ಪು ಕತ್ತಲೆ, ಯಾಕೆಂದರೆ ಕಣ್ಣನ್ನು ಗಾಜಿಗೆ ಒತ್ತಿಬಿಟ್ಟಿದ್ದೆ. ಮೂರನೆಯ ದಿನ ದುಂಡನೆಯ ಬೆಳಕು ಕಂಡಿತು, ಹಿಗ್ಗಿ ಕೂಗಿದೆ, ಉಸಿರಿಗೆ ಗಾಜು ಮಂಜಾಗಿ ಅದೂ ಹೋಯಿತು. ಎಡಗಣ್ಣನ್ನು ಕೈಯಲ್ಲಿ ಮುಚ್ಚಿಕೊಂಡರೆ ಅಪ್ಪ ಬೆರಳ ಗೆಣ್ಣಿನಿಂದ ಕೈಗೆ ಕುಟ್ಟುತ್ತಿದ್ದರು. ತೆರೆದಿಟ್ಟರೆ ಮೇಜಿನ ಮೇಲಿನ ಶಾಯಿ ಸೀಸೆ, ರಿಜಿಸ್ಟರು, ನನ್ನ ಬಳೆ ಎಲ್ಲವೂ ಬಂದು ಬೆಳಕಿನ ವೃತ್ತದ ಮೇಲೆ ಕೂರುತ್ತಿದ್ದವು. ಹದಿನೆಂಟು ದಿನವಾದ ಮೇಲೆ ಒಂದು ಬೆಳಗ್ಗೆ ಶಾಯಿ ಸೀಸೆ ತಾನಾಗಿಯೇ ಇಲ್ಲವಾಯಿತು. ಕಣ್ಣು ತೆರೆದೇ ಇತ್ತು, ಸೀಸೆಯೂ ಅಲ್ಲೇ ಇತ್ತು, ನನಗೆ ಮಾತ್ರ ಅದು ಕಾಣಲಿಲ್ಲ. ಹೆದರಿಕೆಯಾಗಿ ತಲೆ ಎತ್ತಿದೆ. ಅಪ್ಪ ಮೊದಲ ಬಾರಿಗೆ ನಕ್ಕರು. ಆಮೇಲೆ ಕೈಯ ಸರದಿ. ಅದರೊಳಗೆ ಎಲ್ಲವೂ ತಿರುವುಮುರುವು, ಗಾಜುಪಟ್ಟಿಯನ್ನು ಬಲಕ್ಕೆ ಸರಿಸಿದರೆ ಚಿತ್ರ ಎಡಕ್ಕೆ ಓಡುತ್ತದೆ. ಯೋಚಿಸಿ ಸರಿಸಿದಷ್ಟೂ ತಪ್ಪುತ್ತಿತ್ತು. ಯೋಚಿಸುವುದನ್ನು ಕೈಗೆ ಬಿಟ್ಟುಕೊಟ್ಟ ದಿನ ಸರಿಹೋಯಿತು, ಆದರೆ ಮರುದಿನ ಬಾಗಿಲಿಗೆ ರಂಗೋಲಿ ಎಳೆಯುವಾಗ ಗೆರೆ ಹೊಸಿಲ ಕಡೆಗೆ ಹೋಗುವ ಬದಲು ಬೀದಿಯ ಕಡೆಗೆ ಹೋಯಿತು. ಅವ್ವ ಅದನ್ನು ನೋಡಿ, ಒಬ್ಬರು ಸಾಲದು ಅಂತ ಇನ್ನೊಬ್ಬಳು ಎಂದು ಹಣೆ ಚಚ್ಚಿಕೊಂಡಳು.

ಇಷ್ಟೆಲ್ಲ ಆದರೂ ಜ್ವರದ ಹುಳವನ್ನು ಅಪ್ಪ ತೋರಿಸಲೇ ಇಲ್ಲ. ರೋಗವಿಲ್ಲದ ರಕ್ತವನ್ನೇ ದಿನವೂ ನೋಡಿಸುತ್ತಿದ್ದರು. ದುಂಡು ದುಂಡು ಕಣಗಳು, ನಡುವೆ ಅಲ್ಲೊಂದು ಇಲ್ಲೊಂದು ನೇರಳೆ ಬಣ್ಣದ ದೊಡ್ಡ ಕಣ, ಪಟ್ಟಿಗೆ ಹಚ್ಚಿದ ಬಣ್ಣದ ಕಸ, ಧೂಳು, ಗೀರು. ನನಗೆ ಬೇಸರ ಬಂದು, ಹುಳ ಹೇಗಿರುತ್ತದೆ ಎಂದು ಒಂದು ಚಿತ್ರವನ್ನಾದರೂ ಬರೆದು ತೋರಿಸಿ ಎಂದು ಜಗಳ ತೆಗೆದೆ.

“ಇರೋದನ್ನ ಮೊದ್ಲು ನೋಡು,” ಎಂದರು. “ಅದು ಕಣ್ಣಿಗೆ ಸರಿಯಾಗಿ ಅಂಟ್ಕೊಂಡ್ರೆ, ಇರಬಾರದ್ದು ತಾನೇ ಎದ್ದು ಬತ್ತದೆ.”

ಒಂದು ದಿನ ಹೊಸ ಪಟ್ಟಿಯೊಂದರಲ್ಲಿ ಅದು ಹಾಗೆಯೇ ಎದ್ದು ಬಂದಿತು. ಒಂದು ಕಣದೊಳಗೆ ನೀಲಿಯ ಸಣ್ಣ ಉಂಗುರ, ಅದಕ್ಕೊಂದು ಕೆಂಪು ಹರಳು. ಯಾರೂ ಹೇಳದೆ ನನ್ನ ಕೈ ಅಲ್ಲಿ ನಿಂತಿತು. ಅಪ್ಪ ಇಣುಕಿ ನೋಡಿ, ಹೂಂ ಎಂದು ಸುಮ್ಮನಾದರು. ಆ ಒಂದು ಹೂಂಗಾಗಿ ನಾನು ಒಂದು ಬೇಸಿಗೆಯನ್ನು ಸುಟ್ಟುಕೊಂಡಿದ್ದೆ, ಇಂದಿಗೂ ಅದಕ್ಕೆ ಸಿಟ್ಟಿದೆ, ಇಂದಿಗೂ ಅದಕ್ಕಿಂತ ದೊಡ್ಡ ಬಹುಮಾನ ನನಗೆ ಬಂದಿಲ್ಲ. ಮುಂದೆ ಹಾಸನದಲ್ಲಿ ಆಲೂಗೆಡ್ಡೆಯ ರೋಗಗಳನ್ನು ನೋಡುವ ಪ್ರಯೋಗಶಾಲೆಯಲ್ಲಿ ಮೂವತ್ತು ವರ್ಷ ಕೂತೆ. ನನ್ನ ಕತ್ತು ಈಗ ಅಪ್ಪನ ಕತ್ತಿನಂತೆಯೇ ಬಾಗಿದೆ. ನನ್ನ ಕೈಕೆಳಗೆ ಕಲಿತ ಹುಡುಗಿಯರು ಆರು ವಾರ ಬರೀ ರೋಗವಿಲ್ಲದ ಎಲೆ ನೋಡಿಸುತ್ತಾಳೆ ಈ ಮುದುಕಿ ಎಂದು ಹಿಂದಿನಿಂದ ಬೈಯುತ್ತಿದ್ದರು. ಬೈಯಲಿ ಎಂದು ಬಿಟ್ಟಿದ್ದೆ.

ಸ್ಕೂಲು ಶುರುವಾದ ಮೇಲೂ ಭಾನುವಾರಗಳಲ್ಲಿ, ಉಳಿದ ದಿನ ಸ್ಕೂಲಿಗೆ ಮುಂಚೆ ಇಲ್ಲವೇ ಸ್ಕೂಲು ಬಿಟ್ಟ ಮೇಲೆ ಅಪ್ಪ ನನ್ನನ್ನು ಕರೆಯತೊಡಗಿದರು. ತಾವು ನೋಡಿದ ಪಟ್ಟಿಯನ್ನು ಹಾಗೆಯೇ ಬಿಟ್ಟು, ಇಲ್ಲೇನು ಕಾಣ್ತದೆ ಹೇಳು ಎನ್ನುವರು. ನಾನು ಉಂಗುರ ಇದೆ ಎಂದರೆ ಹೌದೆಂದು ರಿಜಿಸ್ಟರಿನಲ್ಲಿ ಬರೆಯುವರು, ಇಲ್ಲ ಎಂದರೆ ಇಲ್ಲವೆಂದು ಬರೆಯುವರು. ನನಗೆ ಇದು ಪರೀಕ್ಷೆ, ನಾನು ಎಲ್ಲದರಲ್ಲೂ ಪಾಸಾಗುತ್ತಿದ್ದೇನೆ. ತಲೆ ತಿರುಗಿತ್ತು. ಹೀಗಿರುವಾಗ ಒಂದು ದಿನ, ಅರಕಲಗೂಡಿನ ಕಡೆ ಮನೆಮನೆ ತಿರುಗಿ ಜ್ವರದವರ ರಕ್ತ ತರುತ್ತಿದ್ದ ಕೆಂಪಯ್ಯನ ಪಟ್ಟಿಯೊಂದರಲ್ಲಿ ನಾನು ಉಂಗುರ ಕಂಡೆ. ಅಪ್ಪ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಎಂದೂ ನಿಲ್ಲದ ಅವರ ಎಡಗೈ ತಿರುಪಿನ ಮೇಲೆ ನಿಂತುಹೋಯಿತು. ಆಮೇಲೆ ತಲೆ ಎತ್ತಿ, ಅದು ಬಣ್ಣದ ಕಸ, ಬೇಕು ಬೇಕು ಅಂದುಕೊಂಡರೆ ಇಲ್ಲದ್ದೂ ಕಾಣುತ್ತದೆ, ಅಹಂಕಾರ ಬಂದ ಕಣ್ಣು ಕುರುಡಿಗಿಂತ ಕೇಡು ಎಂದು, ಒಂದು ವಾರ ಕೋಣೆಯೊಳಗೆ ಕಾಲಿಡಬೇಡ ಎಂದುಬಿಟ್ಟರು. ಅದು ಕಸವಲ್ಲ ಎಂದು ನನಗೆ ಗೊತ್ತಿತ್ತು. ಯಾವ ಕಣ್ಣನ್ನು ಇವರೇ ಅರೆದು ತಿದ್ದಿದ್ದರೋ ಆ ಕಣ್ಣನ್ನೇ ನಂಬುವುದಿಲ್ಲವೆಂದರೆ ಹೇಗೆ? ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

ಮುಂದಿನ ಕೋಣೆಯ ಬೀರುವಿನಲ್ಲಿ ಪಾಠಕ್ಕೆಂದು ಇಟ್ಟ ಹಳೆಯ ಪಟ್ಟಿಗಳ ಡಬ್ಬಿಯೊಂದಿತ್ತು, ಅವುಗಳಲ್ಲಿ ಹುಳ ಇರುವುದು ಖಚಿತ. ಮರುದಿನ ಬೆಳಗ್ಗೆ ಅಪ್ಪ ಸ್ನಾನಕ್ಕೆ ಹೋದಾಗ, ಅದರಲ್ಲಿ ಉಂಗುರಗಳು ಕಿಕ್ಕಿರಿದಿದ್ದ ಒಂದನ್ನು ತೆಗೆದು, ಅಂದು ನೋಡಬೇಕಾದ ಸಾಲಿನಲ್ಲಿದ್ದ ಒಂದರ ನಂಬರು ಚೀಟಿಯನ್ನು ಒದ್ದೆ ಮಾಡಿ ಬಿಡಿಸಿ ಇದಕ್ಕೆ ಅಂಟಿಸಿ, ಅದರ ಜಾಗದಲ್ಲಿ ಇದನ್ನಿಟ್ಟೆ. ಅಪ್ಪನಿಗೆ ಗೊತ್ತಾಗಿ ಬೈದರೆ ಬೈಯಲಿ, ಉಂಗುರ ನನಗೂ ಗೊತ್ತು ಎಂದು ತೋರಿಸಿದ ಹಾಗಾಗುತ್ತದೆ ಎಂಬಷ್ಟೇ ನನ್ನ ಲೆಕ್ಕ. ಸ್ಕೂಲಿಗೆ ಹೊಟ್ಟೆನೋವೆಂದು ಹೇಳಿ ನಡುಮನೆಯಲ್ಲಿ ಕೂತೆ. ಹನ್ನೊಂದೂವರೆಗೆ ಅಪ್ಪ ಹಿತ್ತಿಲಿಗೆ ಹೋದಾಗ ರಿಜಿಸ್ಟರು ತೆರೆದು ನೋಡಿದೆ. ಆ ನಂಬರಿನ ಮುಂದೆ ಅವರ ಮುತ್ತಿನಂಥ ಅಕ್ಷರದಲ್ಲಿ ಇಲ್ಲ ಎಂದು ಬರೆದಿತ್ತು.

ಒಂದು ಗಳಿಗೆ ಗೆದ್ದ ಹಾಗಾಯಿತು. ಮರುಗಳಿಗೆಗೆ ಕಾಲಿನ ಕೆಳಗೆ ನೆಲ ತಣ್ಣಗಾಯಿತು. ಆ ಪಟ್ಟಿಯಲ್ಲಿ ಉಂಗುರವನ್ನು ಹುಡುಕಬೇಕಾಗಿಯೇ ಇರಲಿಲ್ಲ, ಕಣ್ಣಿಟ್ಟ ಕಡೆಯೆಲ್ಲ ಇದ್ದವು. ಅಜ್ಜಿಯ ಹತ್ತಿರ ಹೋಗಿ ಎಲ್ಲವನ್ನೂ ಒದರಿದೆ. ಅವಳು ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದರೆ, ಕದ್ದು ಮಾಡಿದ್ದನ್ನು ನನ್ನ ಕಿವಿಗೆ ಯಾಕೆ ಹಾಕುತ್ತೀಯ, ಮಾಡಿದವಳು ನೀನು, ಅವನ ಮುಖಕ್ಕೇ ಹೇಳು ಎಂದಳು. ಮಧ್ಯಾಹ್ನ ಅಪ್ಪ ಊಟಕ್ಕೆ ಕೂತು ಮುದ್ದೆ ಮುರಿಯುವಾಗ ಹೇಳಿದೆ. ಸಾರು ಬಡಿಸುತ್ತಿದ್ದ ಅವ್ವನ ಸೌಟು ಹಾಗೆಯೇ ನಿಂತಿತು. ಅಪ್ಪ ಯಾವ ನಂಬರು ಎಂದು ಮಾತ್ರ ಕೇಳಿ, ತಟ್ಟೆಯನ್ನು ಸರಿಸಿ, ಕೈ ತೊಳೆದು ಎದ್ದರು.

ಕೋಣೆಯಲ್ಲಿ ಅವರು ಆ ಪಟ್ಟಿಗೆ ಹೊಸದಾಗಿ, ಚಿತ್ರ ನಿಚ್ಚಳವಾಗಲೆಂದು ಹಾಕುವ ದೇವದಾರು ಎಣ್ಣೆಯ ಹನಿ ಇಟ್ಟು ಬಗ್ಗಿದರು. ಆಮೇಲೆ ನನ್ನನ್ನು ಕರೆದು, ಒಂದು ಉಂಗುರವನ್ನು ಸರಿಯಾಗಿ ನಡುವಿಗೆ ತಂದು ನಿಲ್ಲಿಸು ಎಂದರು. ನಿಲ್ಲಿಸಿದೆ. ಮತ್ತೆ ಬಗ್ಗಿದರು. ಕನ್ನಡಿ ತಿರುಗಿಸಿದರು, ಗಾಜು ಒರೆಸಿದರು, ಎಡಗಣ್ಣನ್ನು ಇಟ್ಟರು, ತಡೆಯಲಾಗದೆ ಬೇಗನೆ ಹಿಂದಕ್ಕೆ ಸರಿದು ಹಣೆ ಒತ್ತಿಕೊಂಡರು.

“ನಿಂಗೆ ಯಾವಾಗಿಂದ ಗೊತ್ತು?” ಎಂದರು.

ಇವತ್ತೇ ಎಂದೆ.

“ನಂಗೆ ಯುಗಾದಿಯಿಂದ ಗೊತ್ತು.”

ಯುಗಾದಿಯಿಂದ ಬಲಗಣ್ಣಿನ ಮುಂದೆ ತೆಳ್ಳನೆಯ ಮೊಸರಿನಂಥದ್ದು ಕಟ್ಟಿದೆಯಂತೆ. ಮೊದಲು ಗಾಜು ಕೊಳೆಯಾಗಿದೆ ಎಂದುಕೊಂಡರಂತೆ, ಆಮೇಲೆ ಬಣ್ಣ ಕೆಟ್ಟಿದೆ ಎಂದುಕೊಂಡರಂತೆ. ಎಡಗಣ್ಣು ಗಟ್ಟಿಯಾಗಿಯೇ ಇದೆ, ಪೇಪರು ಓದುತ್ತದೆ. ಆದರೆ ಯಂತ್ರದ ಮುಂದೆ ತಂದರೆ ಅದು ಕುರುಡು, ಹದಿನೈದು ವರ್ಷ ನೋಡಬೇಡ ನೋಡಬೇಡ ಎಂದು ಕಲಿಸಿದ ಕಣ್ಣು ಈಗ ನೋಡು ಎಂದರೆ ಕೇಳುವುದಿಲ್ಲ. ಹಟ ಹಿಡಿದು ಕೂತರೆ ವಾಂತಿ ಬರುತ್ತದೆ, ಕೈ ಬೇರೆ ದಿಕ್ಕಿಗೆ ಹೋಗುತ್ತದೆ. ಇದನ್ನೆಲ್ಲ ಅವರು ನನಗೆ ಪಾಠ ಒಪ್ಪಿಸುವವರ ಹಾಗೆ ಗೋಡೆ ನೋಡಿಕೊಂಡು ಹೇಳಿದರು. ಹಾಗಾದರೆ ರಜೆಯಲ್ಲಿ ನನ್ನ ಕೈ ನೋಡಿ ಬಾ ಎಂದು ಕರೆದದ್ದು, ದಿನವೂ ಇಲ್ಲೇನು ಕಾಣುತ್ತದೆ ಎಂದು ಕೇಳಿದ್ದು? ಅದು ಪರೀಕ್ಷೆಯಾಗಿರಲಿಲ್ಲ. ನಾನು ಪಾಸಾಗಿರಲಿಲ್ಲ, ಬಳಕೆಯಾಗಿದ್ದೆ. ಎಲ್ಲಕ್ಕಿಂತ ಹೆಚ್ಚು ನನಗೆ ರೇಗಿದ್ದು ಅದಕ್ಕೆ, ಆದರೆ ಅವರ ಮುಖ ನೋಡಿದರೆ ರೇಗಲೂ ಆಗಲಿಲ್ಲ. ನೆನಪಿನಿಂದ, ಅಂದಾಜಿನಿಂದ, ನಾನಿದ್ದಾಗ ನನ್ನಿಂದ ಹೇಗೋ ನಡೆಯುತ್ತಿದೆ, ಒಂದೂ ತಪ್ಪಿಲ್ಲ ಎಂದು ಅವರು ನಂಬಿಕೊಂಡಿದ್ದರು. ನಾನು ಕಳ್ಳತನದಿಂದ ಇಟ್ಟ ಆ ಪಟ್ಟಿ ನಂಬಿಕೆಯನ್ನು ಮುರಿಯಿತು.

ಅಂದೇ ಸಂಜೆ ಅಪ್ಪ ಹಾಸನದ ಆಫೀಸಿಗೆ ಕಾಗದ ಬರೆಯಲು ಕೂತರು. ಯುಗಾದಿಯಿಂದೀಚೆಗೆ ತಾನು ನೋಡಿದ ಪಟ್ಟಿಗಳನ್ನೆಲ್ಲ ಇನ್ನೊಬ್ಬರಿಂದ ನೋಡಿಸಬೇಕು, ತನ್ನ ಕಣ್ಣು ಕೆಟ್ಟಿದೆ, ಕೆಲವು ದಿನ ತನ್ನ ಮಗಳಿಂದ ನೋಡಿಸಿದ್ದೇನೆ, ಅದೂ ತಪ್ಪು. ಇಷ್ಟನ್ನೂ ಬರೆಯುತ್ತಾರೆಂದು ತಿಳಿದಾಗ ಅವ್ವ ಕುದಿದುಬಿಟ್ಟಳು. ವಿಚಿತ್ರವೆಂದರೆ, ನನ್ನನ್ನು ಆ ಯಂತ್ರದ ಮುಂದೆ ಕೂರಿಸಿದ್ದಕ್ಕೆ ಇಡೀ ಬೇಸಿಗೆ ಬೈದವಳು ಅಂದು ಅದನ್ನೇ ಹಿಡಿದು ಬೇಡಿದಳು.

“ಮಗು ನೋಡ್ಲಿ, ನೀವು ಬರೀರಿ,” ಎಂದಳು. “ಕಣ್ಣಾಸ್ಪತ್ರೆಗೆ ಓಗಿ ಬರೋಗಂಟ ತಾನೆ. ಅವಳಿಗೆ ಕಾಣ್ತದೆ ಅಂತ ನೀವೇ ಅಂದ್ರಲ್ಲ. ಸುಳ್ಳೇನು ಅದ್ರಲ್ಲಿ?”

“ಅವಳು ನೋಡೋದು ಸುಳ್ಳಲ್ಲ,” ಎಂದರು ಅಪ್ಪ. “ನಾನು ಬರೆಯೋದು ಸುಳ್ಳಾಯ್ತದೆ.”

ಅವ್ವ ಅಜ್ಜಿಯ ಕಡೆ ತಿರುಗಿದಳು. ಅಜ್ಜಿ ಇದರಲ್ಲಿ ನನ್ನನ್ನು ಎಳೆಯಬೇಡಿ ಎಂಬಂತೆ ಹತ್ತಿ ಬಿಡಿಸುತ್ತಾ ಕೂತಳು. ಅವ್ವ ನಿಮ್ಮಮ್ಮನೂ ನೀವೂ ಒಂದೇ ಎಂದು, ಹೊತ್ತಲ್ಲದ ಹೊತ್ತಿನಲ್ಲಿ ಒಳಗೆ ಹೋಗಿ, ಕುಟ್ಟಲು ಏನೂ ಇಲ್ಲದೆ ಪಾತ್ರೆಗಳನ್ನು ಬಡಿದಳು.

ಕಾಗದ ಹೋದ ಹತ್ತು ದಿನಕ್ಕೆ ಹಾಸನದಿಂದ ಸಾಹೇಬರು ಜೀಪಿನಲ್ಲಿ ಬಂದರು. ಒಳ್ಳೆಯ ಮನುಷ್ಯ, ಆದರೆ ಅವರಿಗೂ ತಲೆಕೆಟ್ಟಿತ್ತು. ಕಣ್ಣಿನ ಡಾಕ್ಟರ ಚೀಟಿಯೊಂದನ್ನು ತಂದುಕೊಟ್ಟಿದ್ದರೆ ಸಾಕಾಗಿತ್ತು, ಇದೆಲ್ಲವನ್ನೂ ಬರವಣಿಗೆಯಲ್ಲಿ ಯಾಕೆ ಕೊಟ್ಟಿರಿ, ಈಗ ನಾನೂ ಬರವಣಿಗೆಯಲ್ಲೇ ಉತ್ತರ ಕೊಡಬೇಕಲ್ಲ ಎಂದು ಅಪ್ಪನನ್ನು ಬೈದರು. ಮೂರು ತಿಂಗಳ ಪಟ್ಟಿಗಳನ್ನು ಪೆಟ್ಟಿಗೆಗೆ ತುಂಬಿಸಿದರು. ಯಂತ್ರವನ್ನು ಪರೀಕ್ಷಿಸಲು ಅಪ್ಪನ ಸ್ಟೂಲಿನ ಮೇಲೆ ಕೂತು, ಇದರ ಮೇಲೆ ಮನುಷ್ಯರು ಕೂರುವುದುಂಟೇ ಎಂದು ಎದ್ದುಬಿಟ್ಟರು. ಮೈಕ್ರೋಸ್ಕೋಪನ್ನೂ ಜೀಪಿಗೆ ಹಾಕಿಸಿದರು. ಅಪ್ಪನಿಗೆ ಹಾಸನದ ಸ್ಟೋರಿನಲ್ಲಿ ಔಷಧಿ ಸಿಂಪಡಿಸುವ ಪಂಪುಗಳ ಬಿಡಿಭಾಗ ಎಣಿಸುವ ಕೆಲಸವಾಯಿತು. ಮುಂದೆ ಕಣ್ಣಿನ ಪೊರೆ ತೆಗೆಸಿ ದಪ್ಪ ಕನ್ನಡಕ ಬಂದರೂ ಮತ್ತೆಂದೂ ಪಟ್ಟಿ ನೋಡಲಾಗಲಿಲ್ಲ. ಯಂತ್ರ ಹೋದ ದಿನ ಅವ್ವ ಮಟಮಟ ಮಧ್ಯಾಹ್ನ ಒರಳಿಗೆ ಒಣಮೆಣಸಿನಕಾಯಿ ಹಾಕಿದಳು. ನಾಲ್ಕು ಏಟು ಹಾಕಿ ಒನಕೆಯನ್ನು ಗೋಡೆಗೆ ಒರಗಿಸಿ, ಯಾಕೋ ಬೇಡ ಎಂದು ಎದ್ದುಹೋದಳು.

ಹಾಸನದಲ್ಲಿ ಮತ್ತೆ ನೋಡಿದಾಗ ಹನ್ನೊಂದು ಮನೆಗಳ ಪಟ್ಟಿಗಳಲ್ಲಿ ಹುಳ ಸಿಕ್ಕಿತು. ಮಾತ್ರೆ ಕೊಡುವುದು ಕೆಂಪಯ್ಯನ ಕೆಲಸ. ಆದರೆ ಅಪ್ಪ ರಜೆ ಹಾಕಿ, ಹನ್ನೊಂದು ಮನೆಗೂ ತಾನೇ ಹೋಗುತ್ತೇನೆಂದು ಹಟ ಹಿಡಿದರು. ನೀವು ಬಂದು ಏನು ಹೇಳುತ್ತೀರಿ ಸಾ, ಮಾತ್ರೆ ನುಂಗಿಸಿ ಬಂದರಾಯಿತಲ್ಲ ಎಂದು ಕೆಂಪಯ್ಯ ದಾರಿಯುದ್ದಕ್ಕೂ ಗೊಣಗಿದನಂತೆ. ಕೊನೆಯ ಮನೆಗೆ ನನ್ನನ್ನೂ ಕರೆದುಕೊಂಡು ಹೋದರು. ನಾನು ಕಸವಲ್ಲ ಎಂದು ಜಗಳವಾಡಿದ್ದ ಪಟ್ಟಿ ಆ ಮನೆಯದು ಎಂದು ಅಪ್ಪ ಬಸ್ಸಿನಲ್ಲಿ ಹೇಳಿದರು, ಕಿಟಕಿಯ ಆಚೆ ನೋಡಿಕೊಂಡು. ನೀನು ಹೇಳಿದ್ದು ಸರಿ ಎಂದು ಬಾಯಿಬಿಟ್ಟು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅರಕಲಗೂಡಿನ ದಾರಿಯಲ್ಲಿ ಇಳಿದು ಅರ್ಧ ಗಂಟೆ ನಡೆದರೆ ಆ ಹಳ್ಳಿ. ಜಗಲಿಯ ಮುಂದೆ ಒಬ್ಬ ಹೆಂಗಸು ಹೊಗೆಸೊಪ್ಪಿನ ಎಲೆಗಳನ್ನು ಕೋಲಿಗೆ ಕಟ್ಟುತ್ತಿದ್ದಳು. ಅವಳ ಗಂಡ ಕಂಬಳಿ ಹೊದ್ದು ಒಳಬಾಗಿಲಿಗೆ ಒರಗಿದ್ದ, ಮುಖ ಬಾಡಿದ ಎಲೆಯ ಬಣ್ಣಕ್ಕೆ ತಿರುಗಿತ್ತು. ಅಪ್ಪ ಪರಿಚಯ ಹೇಳಿ, ಸುತ್ತು ಬಳಸು ಮಾಡದೆ ವಿಷಯಕ್ಕೆ ಬಂದರು.

“ನಿಮ್ಮ ಯಜಮಾನರ ರಕ್ತದಲ್ಲಿ ಜ್ವರದ ಹುಳ ಇತ್ತವ್ವ. ನೋಡ್ಬೇಕಾದೋನು ನಾನು. ನಂಗೆ ಕಾಣ್ಲಿಲ್ಲ.”

ಅವಳು ಕೈಯಲ್ಲಿದ್ದ ಎಲೆಯನ್ನು ಕಟ್ಟಿ ಮುಗಿಸಿ, ಆಮೇಲೆ ತಲೆ ಎತ್ತಿದಳು. ಎರಡು ಸಲ ರಕ್ತ ತೆಗೆದುಕೊಂಡು ಹೋದಿರಿ, ಎರಡು ಸಲವೂ ಏನೂ ಇಲ್ಲ ಎಂದಿರಿ ಎಂದು ಶುರುಮಾಡಿದಳು. ದನಿ ಏರಿಸಲಿಲ್ಲ, ನಿಲ್ಲಿಸಲೂ ಇಲ್ಲ. ದಿನ ಬಿಟ್ಟು ದಿನ ಚಳಿ ಬಂದು ಮಂಚ ಅಲ್ಲಾಡುವಷ್ಟು ನಡುಗುತ್ತಿದ್ದನಂತೆ, ಮರುದಿನ ಎದ್ದು ಕೂರುತ್ತಿದ್ದನಂತೆ. ದೆವ್ವ ಮೆಟ್ಟಿದೆ ಎಂದರು, ಅದಕ್ಕೂ ಮಾಡಿಸಿಯಾಯಿತು. ಆಫೀಸಿನವರೇ ಇಲ್ಲ ಅಂದ ಮೇಲೆ ಇವನಿಗೆ ಕೆಲಸ ಮಾಡಲು ಮೈಬಗ್ಗುವುದಿಲ್ಲ ಎಂದು ಗಂಡನ ಅಣ್ಣ ಎಲ್ಲರ ಮುಂದೆ ಅಂದು, ಎಲೆ ಕೀಳುವ ಹೊತ್ತಿಗೆ ಸರಿಯಾಗಿ ತಮ್ಮನ ಪಾಲು ಬೇರೆ ಮಾಡಿ, ನಡುಮನೆಗೆ ಗೋಡೆ ಹಾಕಿಸಿಬಿಟ್ಟ.

“ರೋಗ ಇದ್ದು ಮಲಗಿದ್ರೆ ನಾವು ಅನುಭವಿಸ್ತಿದ್ವಿ ಸಾ,” ಎಂದಳು. “ರೋಗ ಇಲ್ಲ ಅಂತ ಬರ್ದುಬುಟ್ರಿ. ರೋಗ ಇಲ್ದೋನು ಮಲಗಿದ್ರೆ ಏನಂತಾರೆ? ಕಳ್ಳ ಅಂತಾರೆ.”

ಅಪ್ಪ ರಿಜಿಸ್ಟರಿನಲ್ಲಿ ಬರೆದ ಇಲ್ಲ ಎಂಬ ಎರಡಕ್ಷರ ಇನ್ನೊಂದು ಮನೆಯಲ್ಲಿ ಗೋಡೆಯಾಗಿ ಎದ್ದಿತ್ತು, ಇನ್ನೂ ಹಸಿಯಾಗಿದ್ದ ಅದರ ಮಣ್ಣು ಬಾಗಿಲಿನಿಂದ ಕಾಣುತ್ತಿತ್ತು. ಕೆಂಪಯ್ಯ ಮಾತ್ರೆ ಎಣಿಸಿ ಆ ಮನುಷ್ಯನ ಕೈಗೆ ಕೊಟ್ಟು, ನುಂಗುವುದನ್ನು ನಿಂತು ನೋಡಿದ. ಹೊರಡೋಣ ಎಂದು ನಾನು ಅಪ್ಪನ ಅಂಗಿಯ ತುದಿ ಎಳೆದೆ. ಅಷ್ಟರಲ್ಲಿ ಅವಳು ಎದ್ದು ಸೆರಗು ಸುತ್ತಿಕೊಂಡು, ನನಗೆ ಹೇಳಿದ್ದನ್ನು ಗೋಡೆಯ ಆಚೆಗೂ ಬಂದು ಹೇಳಿ ಎಂದಳು. ಅಪ್ಪ ಅವಳ ಹಿಂದೆ ಹೋದರು. ಪಕ್ಕದ ಜಗಲಿಯಲ್ಲಿ ಬೀಡಿ ಸೇದುತ್ತಾ ಕೂತಿದ್ದ ಭಾವನ ಮುಂದೆ, ಅವನ ಹೆಂಡತಿ ಮಕ್ಕಳ ಮುಂದೆ, ನಿಮ್ಮ ತಮ್ಮನಿಗೆ ಯುಗಾದಿ ಕಳೆದಾಗಿನಿಂದ ರೋಗವಿತ್ತು, ಇಲ್ಲವೆಂದದ್ದು ನನ್ನ ತಪ್ಪು, ಅವನು ಕಳ್ಳನಲ್ಲ ಎಂದು ಹೇಳಿದರು. ಆ ಮನುಷ್ಯ ಬೀಡಿ ಆರಿಸಿ ನೆಲ ನೋಡಿದ. ಅವನು ಗೋಡೆ ಕೆಡವಿಸಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಕೆಂಪಯ್ಯನನ್ನು ಕೇಳಬಹುದಿತ್ತು, ಅಪ್ಪ ಕೇಳಬೇಡ ಎಂದಿದ್ದರು.

ಮತ್ತೆ ಈಚೆ ಜಗಲಿಗೆ ಬಂದಾಗ ಅವಳು ನಮ್ಮನ್ನು ಹೋಗಲು ಬಿಡಲಿಲ್ಲ. ತನಗೂ ಮೂರು ದಿನದಿಂದ ಸಂಜೆಯಾದರೆ ಮೈ ಬೆಚ್ಚಗಾಗುತ್ತದೆ, ತಲೆ ಸಿಡಿಯುತ್ತದೆ, ತನ್ನ ರಕ್ತವನ್ನೂ ತೆಗೆದುಕೊಳ್ಳಿ ಎಂದಳು. ಕೆಂಪಯ್ಯ ಚೀಲ ಬಿಚ್ಚಿದ. ಅಪ್ಪ ಅವನ ಕೈಯಿಂದ ಸೂಜಿ, ಸ್ಪಿರಿಟ್ಟಿನ ಹತ್ತಿ, ಎರಡು ಗಾಜುಪಟ್ಟಿಗಳನ್ನು ತೆಗೆದುಕೊಂಡು ಮಂಡಿಯೂರಿ ಕೂತರು. ಅವಳು ಕೈಯನ್ನು ಅರ್ಧಕ್ಕೆ ಚಾಚಿ, ಮತ್ತೆ ಹಿಂದಕ್ಕೆ ಎಳೆದುಕೊಂಡಳು.

“ಇದನ್ನೂ ನೀವೇ ನೋಡೋದಾ ಸಾ?”

“ಇಲ್ಲವ್ವ,” ಎಂದರು ಅಪ್ಪ. “ಬ್ಯಾರೆಯೋರು ನೋಡ್ತಾರೆ.”

“ಅಂಗಾದ್ರೆ ತಗಳಿ,” ಎಂದು ಅವಳು ಹೊಗೆಸೊಪ್ಪಿನ ಅಂಟಿನಿಂದ ಕಪ್ಪಾಗಿದ್ದ ಬೆರಳನ್ನು ಮುಂದಿಟ್ಟಳು. ಅಪ್ಪ ಅದನ್ನು ಮೂರು ಸಲ ಒರೆಸಿ, ಚುಚ್ಚಿ, ಹನಿಯನ್ನು ಗಾಜಿಗೆ ಮುಟ್ಟಿಸಿ, ಇನ್ನೊಂದು ಗಾಜಿನ ಅಂಚಿನಿಂದ ಒಂದೇ ಎಳೆತಕ್ಕೆ ಹರಡಿದರು. ಅವರ ಕೈ ಸ್ವಲ್ಪವೂ ನಡುಗಲಿಲ್ಲ. ರಕ್ತ ನಾಲಿಗೆಯ ಆಕಾರಕ್ಕೆ, ತುದಿಯಲ್ಲಿ ತೆಳ್ಳಗಾಗುತ್ತಾ, ಒಂದು ಗೀರೂ ಇಲ್ಲದೆ ಒಣಗಿತು. ಆಮೇಲೆ ಅವರು ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಲು ಹೋಗಿ, ಅರ್ಧದಲ್ಲೇ ಕೈ ಇಳಿಸಿ, ಸರಿಯಾಗಿದೆಯಾ ನೋಡು ಎಂದು ನನಗೆ ಕೊಟ್ಟರು.